ಇಲ್ಲದ ಡ್ರೈವಿಗೆ ಗೇಮ್ ಕೇಳುವ ಪ್ರಶ್ನೆಗಳು

ಹಳೇ ಗೇಮಿನ ಐಎಸ್‌ಒ ಫೈಲ್ ಇದೆ, ಅಂದರೆ ಇಡೀ ಸಿಡಿಯ ಪ್ರತಿಯನ್ನು ಒಂದೇ ಫೈಲಿನಲ್ಲಿಟ್ಟ 'ಇಮೇಜ್'. ಮೌಂಟ್ ಆಗಿದೆ, ಅಂದರೆ ಇಲ್ಲದ ಒಂದು ಸಿಡಿ ಡ್ರೈವಿಗೆ (ವರ್ಚುವಲ್ ಡ್ರೈವ್) ಅದನ್ನು ಹಾಕಿದಂತೆ ಕಂಪ್ಯೂಟರ್ ತೋರಿಸುತ್ತಿದೆ. ಹೊಸ ಡ್ರೈವ್ ಕಾಣಿಸುತ್ತಿದೆ, ಒಳಗೆ ಫೈಲುಗಳೆಲ್ಲ ಇವೆ. ಇನ್‌ಸ್ಟಾಲ್ ಕೂಡ ಆಯಿತು. ಆದರೆ ಗೇಮ್ ಶುರು ಮಾಡಲು ಹೋದರೆ 'ದಯವಿಟ್ಟು ಸರಿಯಾದ ಸಿಡಿ ಹಾಕಿ' ಅನ್ನುತ್ತದೆ. ಇಲ್ಲವೇ ಗೇಮ್ ಶುರುವಾಗುತ್ತದೆ, ಸಂಗೀತ ಮಾತ್ರ ನಾಪತ್ತೆ. ಇಲ್ಲವೇ ಪರದೆಯ ಮೇಲಿನ ಮೌಸ್ ಬಾಣದ ಪಕ್ಕದ ಚಕ್ರ ಒಂದು ಕ್ಷಣ ತಿರುಗುತ್ತದೆ, ಆಮೇಲೆ ಏನೂ ಇಲ್ಲ. ಸಂದೇಶವೂ ಇಲ್ಲ, ಗೇಮೂ ಇಲ್ಲ.

ಇಲ್ಲಿಂದ ಪೂಜಾವಿಧಿ ಶುರು. ಡೆಸ್ಕ್‌ಟಾಪ್ ಮೇಲೆ ರಿಫ್ರೆಶ್, ರಿಫ್ರೆಶ್, ಮತ್ತೆ ರಿಫ್ರೆಶ್. (ಅದು ಐಕಾನುಗಳನ್ನು ಇನ್ನೊಂದು ಸಲ ಬಿಡಿಸುತ್ತದೆ, ಅಷ್ಟೇ. ಕಂಪ್ಯೂಟರ್ ಚುರುಕಾಗುವುದಿಲ್ಲ. ಇದನ್ನು ಹೇಳಿ ಹೇಳಿ ಸಾಕಾಗಿದೆ.) ಆಮೇಲೆ ಆ್ಯಂಟಿವೈರಸ್ ಆಫ್ ಮಾಡುವುದು. 'ಅಡ್ಮಿನಿಸ್ಟ್ರೇಟರ್ ಆಗಿ ಓಡಿಸಿ' ಅನ್ನುವುದನ್ನು ಮಂತ್ರದಂತೆ ಒತ್ತುವುದು. ಫೈಲಿನ ಹೆಸರಿನ ಕೊನೆಗೆ ಬಿನ್ (ಇನ್ನೊಂದು ಬಗೆಯ ಇಮೇಜ್) ಅಂತ ಇದ್ದರೆ ಅಳಿಸಿ ಐಎಸ್‌ಒ ಅಂತ ಬರೆಯುವುದು. ಯಾವುದೋ ಒಂದು ಸಲ ಯಾರಿಗೋ ಒಂದು ಫಲಿಸಿರುತ್ತದೆ. ಅದೇ ಶಾಸ್ತ್ರವಾಗಿ ಉಳಿದುಬಿಡುತ್ತದೆ.

ಇದಕ್ಕೆಲ್ಲ ಮೂಲ ಒಂದೇ ತಪ್ಪು ನಂಬಿಕೆ. ಡಿಸ್ಕ್ ಅಂದರೆ ಫೈಲುಗಳು ತುಂಬಿದ ಫೋಲ್ಡರ್, ಇಮೇಜ್ ಅಂದರೆ ಆ ಫೋಲ್ಡರಿನ ಗಂಟು, ವರ್ಚುವಲ್ ಡ್ರೈವ್ ಅಂದರೆ ಗಂಟು ಬಿಚ್ಚುವ ಸಾಧನ ಅಂತ ನಾವು ಅಂದುಕೊಂಡಿದ್ದೇವೆ. ಗೇಮ್ ಹಾಗೆ ಅಂದುಕೊಂಡಿಲ್ಲ. ಅದರ ಪಾಲಿಗೆ ಡ್ರೈವ್ ಅಂದರೆ ಪ್ರಶ್ನೆ ಕೇಳಿದರೆ ಉತ್ತರ ಕೊಡುವ ಒಂದು ಯಂತ್ರ.

ತಾಳಮದ್ದಳೆ ನೋಡಿದವರಿಗೆ ಇದು ಬೇಗ ಹೊಳೆಯುತ್ತದೆ. ಅಲ್ಲಿ ಕಿರೀಟ ಇಲ್ಲ, ಬಣ್ಣ ಇಲ್ಲ, ಕುಣಿತ ಇಲ್ಲ. ಪಂಚೆ ಉಟ್ಟು ಶಾಲು ಹೊದ್ದು ಕುಳಿತ ಅರ್ಥಧಾರಿ ಕೃಷ್ಣನಾಗುವುದು ಬರೀ ಮಾತಿನಿಂದ. ಎದುರು ಕುಳಿತ ಕೌರವ ಏನೇ ಕೇಳಲಿ, ಕೃಷ್ಣ ಹೇಳಬಹುದಾದ ಉತ್ತರ ಬರುತ್ತಿರುವವರೆಗೆ ಅವನು ಕೃಷ್ಣ. ಉತ್ತರ ತಡವರಿಸಿತೋ, ಶಾಲು ಹೊದ್ದ ಮನುಷ್ಯ ಕಾಣಿಸಿಬಿಡುತ್ತಾನೆ. ವರ್ಚುವಲ್ ಡ್ರೈವಿನ ಪಾಡೂ ಇದೇ. ಮೋಟಾರಿಲ್ಲ, ಲೇಸರಿಲ್ಲ, ಟ್ರೇ ಇಲ್ಲ. ಇರುವುದು ವಿಂಡೋಸಿನೊಳಗೆ ಕುಳಿತ ಒಂದು ಚಿಕ್ಕ ಡ್ರೈವರ್ ಪ್ರೋಗ್ರಾಮ್. ನಿಜವಾದ ಡ್ರೈವಿಗೆ ಹೋಗುವ ಆಜ್ಞೆಗಳು ಅದಕ್ಕೂ ಬರುತ್ತವೆ. ನೀನು ಯಾರು? ನಿನ್ನಲ್ಲಿ ಡಿಸ್ಕ್ ಇದೆಯಾ? ಅದರಲ್ಲಿ ಎಷ್ಟು ಟ್ರ್ಯಾಕ್? 16ನೇ ಸೆಕ್ಟರಿನಲ್ಲಿ (ಡಿಸ್ಕಿನ ಮಾಹಿತಿಯ ಒಂದು ಸಣ್ಣ ತುಂಡು) ಏನು ಬರೆದಿದೆ? ಅದು ಇಮೇಜ್ ಫೈಲನ್ನು ನೋಡಿಕೊಂಡು ಉತ್ತರ ಒಪ್ಪಿಸುತ್ತದೆ. ಅಂದರೆ ಇಮೇಜ್ ಫೈಲ್ ಅದರ ಪ್ರಸಂಗದ ಪುಸ್ತಕ. ಪುಸ್ತಕದಲ್ಲೇ ಇಲ್ಲದ ಪ್ರಶ್ನೆ ಬಂದರೆ ಏನು ಮಾಡಬೇಕು? ಹಾಗಾಗಿ ಗೇಮ್ ಕೆಟ್ಟಾಗ ನಾವು ಹುಡುಕಬೇಕಾದ್ದು ಒಂದನ್ನೇ. ಯಾವ ಪ್ರಶ್ನೆಗೆ ಉತ್ತರ ಸಿಗಲಿಲ್ಲ?

ಸುಲಭದ ಪ್ರಶ್ನೆಗಳಿಂದ ಶುರು ಮಾಡೋಣ.

1990ರ ದಶಕದ ಬಹಳಷ್ಟು ಗೇಮುಗಳ 'ಸಿಡಿ ಪರೀಕ್ಷೆ' ನಿಜಕ್ಕೂ ಮಕ್ಕಳಾಟ. ಸಿ, ಡಿ, ಇ ಅಂತ ಅಕ್ಷರಗಳನ್ನು ಒಂದೊಂದಾಗಿ ನೋಡುತ್ತಾ ಹೋಗುವುದು. ಯಾವುದು ಸಿಡಿ ಡ್ರೈವ್ ಅಂತ ವಿಂಡೋಸನ್ನು ಕೇಳುವುದು. ಸಿಕ್ಕ ಮೊದಲನೆಯದರಲ್ಲಿ ಡಿಸ್ಕಿನ ಹೆಸರು ಸರಿ ಇದೆಯಾ ನೋಡುವುದು. ಮುಗಿಯಿತು. ನಿಮ್ಮ ಕಂಪ್ಯೂಟರಿನಲ್ಲಿ ನಿಜವಾದ ಡಿವಿಡಿ ಡ್ರೈವ್ ಡಿ ಆಗಿದ್ದು, ವರ್ಚುವಲ್ ಡ್ರೈವ್ ಎಫ್ ಆಗಿದ್ದರೆ? ಗೇಮ್ ಡಿ ನೋಡುತ್ತದೆ, ಖಾಲಿ ಇದೆ, ಸಿಡಿ ಹಾಕಿ ಅನ್ನುತ್ತದೆ. ಎಫ್ ತನಕ ಹೋಗುವುದೇ ಇಲ್ಲ. ಆ ಕಾಲದಲ್ಲಿ ಒಂದು ಮನೆಯಲ್ಲಿ ಎರಡು ಸಿಡಿ ಡ್ರೈವ್ ಇರಬಹುದು ಅಂತ ಬರೆದವರಿಗೆ ಅನ್ನಿಸಿರಲಿಲ್ಲ. ವಿಂಡೋಸಿನ ಡಿಸ್ಕ್ ಮ್ಯಾನೇಜ್‌ಮೆಂಟ್‌ಗೆ ಹೋಗಿ ಅಕ್ಷರ ಅದಲುಬದಲು ಮಾಡಿದರೆ ಎಷ್ಟೋ ಗೇಮುಗಳು ತೆಪ್ಪಗೆ ಓಡುತ್ತವೆ. ಇನ್‌ಸ್ಟಾಲ್ ಮಾಡಿದಾಗ ಇದ್ದ ಅಕ್ಷರವನ್ನೇ ವಿಂಡೋಸಿನ ರಿಜಿಸ್ಟ್ರಿಯಲ್ಲಿ (ಸೆಟ್ಟಿಂಗುಗಳ ದಾಖಲೆ) ಬರೆದಿಟ್ಟುಕೊಳ್ಳುವ ಗೇಮುಗಳೂ ಇವೆ. ಅವತ್ತು ಜಿ, ಇವತ್ತು ಎಚ್ ಆದರೆ ಕೆಟ್ಟಿತು.

ಇನ್ನು ಡಿಸ್ಕಿನ ಹೆಸರು. ಇದನ್ನು ಕಣ್ಣಾರೆ ನೋಡಬಹುದು. ಫೈಲಿನ ಬೈಟುಗಳನ್ನು ಇದ್ದಂತೆಯೇ ತೋರಿಸುವ ಯಾವುದಾದರೂ ಹೆಕ್ಸ್ ಎಡಿಟರಿನಲ್ಲಿ ಐಎಸ್‌ಒ ಫೈಲ್ ತೆರೆಯಿರಿ. ಮೊದಲಿಗೆ ಬರೀ ಸೊನ್ನೆಗಳು ಕಂಡರೆ ಗಾಬರಿ ಬೇಡ. ಮೊದಲ 16 ಸೆಕ್ಟರುಗಳನ್ನು ಕಂಪ್ಯೂಟರಿನ ಸ್ವಂತ ಬಳಕೆಗೆ ಬಿಟ್ಟಿರುತ್ತಾರೆ, ಹೆಚ್ಚಿನ ಗೇಮ್ ಸಿಡಿಗಳಲ್ಲಿ ಆ ಜಾಗ ಖಾಲಿಯೇ. ಒಂದು ಸೆಕ್ಟರಿಗೆ 2048 ಬೈಟ್, ಹದಿನಾರಕ್ಕೆ 32,768. ಹೆಕ್ಸ್ ಲೆಕ್ಕದಲ್ಲಿ (ಹತ್ತರ ಬದಲು ಹದಿನಾರರ ಎಣಿಕೆ) ಅದು ಸೊಗಸಾಗಿ 8000. ಅಲ್ಲಿಗೆ ಹೋದರೆ 01 ಅನ್ನುವ ಒಂದು ಬೈಟ್, ಅದರ ಬೆನ್ನಿಗೇ 'ಸಿಡಿ001' ಅನ್ನುವ ಐದು ಅಕ್ಷರಗಳು ಇಂಗ್ಲಿಷಿನಲ್ಲಿ ಕಾಣುತ್ತವೆ. ಅಲ್ಲಿಂದ ಸ್ವಲ್ಪ ಕೆಳಗೆ ಡಿಸ್ಕಿನ ಹೆಸರು, ಅದಕ್ಕೆ ಮೀಸಲಿಟ್ಟ ಜಾಗ 32 ಅಕ್ಷರ. ಗೇಮಿನ ಫೈಲುಗಳನ್ನು ಒಂದು ಫೋಲ್ಡರಿಗೆ ಕಾಪಿ ಮಾಡಿಕೊಂಡು, ಆಮೇಲೆ ಅದರಿಂದ ಹೊಸ ಐಎಸ್‌ಒ ಮಾಡಿದವರ ಫೈಲಿನಲ್ಲಿ ಇಲ್ಲಿ 'ನ್ಯೂ' ಅಂತಲೋ ಒಂದು ತಾರೀಖೋ ಇರುತ್ತದೆ. ಫೈಲುಗಳು ಒಂದೂ ಬಿಡದೆ ಬಂದಿವೆ. ಹೆಸರು ಬಂದಿಲ್ಲ, ಯಾಕೆಂದರೆ ಹೆಸರು ಯಾವ ಫೈಲಿನ ಒಳಗೂ ಇರಲಿಲ್ಲ. ಗೇಮ್ ಕೇಳಿದ್ದು ಅದನ್ನೇ.

ಈ 'ಸಿಡಿ001' ವ್ಯವಸ್ಥೆ ಹುಟ್ಟಿದ್ದು ಒಂದು ಜೂಜುಕಟ್ಟೆಯಲ್ಲಿ ಅಂದರೆ ನಂಬಬೇಕು. 1980ರ ದಶಕದ ನಡುವೆ ಸಿಡಿಯಲ್ಲಿ ಹಾಡಿನ ಬದಲು ಡೇಟಾ ತುಂಬುವುದು ಹೇಗೆ ಅಂತ ಗೊತ್ತಾಗಿತ್ತು. ಫೈಲುಗಳನ್ನು ಜೋಡಿಸುವುದು ಹೇಗೆ ಅಂತ ಮಾತ್ರ ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದರು. 1985ರಲ್ಲಿ ಅಮೆರಿಕದ ಟಾಹೋ ಸರೋವರದ ಬಳಿಯ ಹೈ ಸಿಯೆರಾ ಎಂಬ ಹೋಟೆಲ್–ಕಸಿನೊದಲ್ಲಿ ಕಂಪನಿಗಳವರು ಸೇರಿ ಮಾತಾಡಿಕೊಂಡರು. ಹೊರಬಂದ ಕರಡಿಗೆ ಹೋಟೆಲಿನ ಹೆಸರೇ ಅಂಟಿಕೊಂಡಿತು. ಅದನ್ನು ತಿದ್ದಿ 1988ರಲ್ಲಿ ಐಎಸ್‌ಒ 9660 ಅನ್ನುವ ಅಂತರರಾಷ್ಟ್ರೀಯ ಮಾನದಂಡ ಮಾಡಿದರು. ನಮ್ಮ ಫೈಲುಗಳ ಬಾಲದಲ್ಲಿರುವ ಐಎಸ್‌ಒ ಬಂದದ್ದು ಅಲ್ಲಿಂದ. ಅದರ ಅತಿ ಸರಳ ಹಂತದಲ್ಲಿ ಹೆಸರಿಗೆ ಎಂಟು ಅಕ್ಷರ, ಬಾಲಕ್ಕೆ ಮೂರು. ಡಾಸ್‌ಗೆ ಅಷ್ಟೇ ಅರ್ಥವಾಗುತ್ತಿದ್ದದ್ದು.

ಈಗ ನನಗೆ ಇಷ್ಟವಾದ ಭಾಗಕ್ಕೆ ಬರೋಣ. ಸೆಕ್ಟರ್.

ಒಂದು ಸೆಕ್ಟರಿಗೆ 2048 ಬೈಟ್ ಅಂದೆ. ಅದು ಅರ್ಧ ಸತ್ಯ. ಸಿಡಿ ಮೊದಲು ಹುಟ್ಟಿದ್ದು ಹಾಡಿಗೆ. ಫಿಲಿಪ್ಸ್ ಮತ್ತು ಸೋನಿ ಸೇರಿ ಮಾಡಿದ ಲೆಕ್ಕದಲ್ಲಿ ಧ್ವನಿಯನ್ನು ಸೆಕೆಂಡಿಗೆ 44,100 ಸಲ ಅಳೆಯಬೇಕು, ಎಡ ಬಲ ಎರಡು ಕಿವಿಗೆ, ಒಂದೊಂದು ಅಳತೆಗೆ 2 ಬೈಟ್. ಒಟ್ಟು ಸೆಕೆಂಡಿಗೆ 1,76,400 ಬೈಟ್. ಒಂದು ಸೆಕೆಂಡನ್ನು 75 ತುಂಡು ಮಾಡಿದರು. ಒಂದು ತುಂಡಿಗೆ 2352 ಬೈಟ್. ಇದೇ ಸೆಕ್ಟರಿನ ನಿಜವಾದ ಗಾತ್ರ.

ಹಾಡಿನ ಸಿಡಿಯಲ್ಲಿ ಈ 2352 ಬೈಟೂ ಧ್ವನಿಯೇ. ಗೀರು ಬಿದ್ದು ಒಂದು ಅಳತೆ ಹಾಳಾದರೆ ಪ್ಲೇಯರ್ ಹಿಂದಿನದು ಮುಂದಿನದು ನೋಡಿ ನಡುವಿನದನ್ನು ಊಹಿಸಿ ತುಂಬುತ್ತದೆ. ಕಿವಿಗೆ ಗೊತ್ತೇ ಆಗುವುದಿಲ್ಲ. ಪ್ರೋಗ್ರಾಮಿನಲ್ಲಿ ಈ ಊಹೆ ನಡೆಯುವುದಿಲ್ಲ ಅಲ್ವಾ? ಒಂದು ಬೈಟ್ ತಪ್ಪಿದರೂ ಗೇಮ್ ಬಿದ್ದುಹೋಗುತ್ತದೆ. ಹಾಗಾಗಿ ಡೇಟಾ ಸಿಡಿ ಮಾಡುವಾಗ ಅದೇ 2352ರೊಳಗೆ ಹಂಚಿಕೆ ಮಾಡಿದರು. ಮೊದಲ 12 ಬೈಟ್ 'ಸೆಕ್ಟರ್ ಇಲ್ಲಿ ಶುರು' ಅನ್ನುವ ಗುರುತು. 4 ಬೈಟ್ ವಿಳಾಸ. ಆಮೇಲೆ 2048 ಬೈಟ್ ಅಸಲು ಮಾಲು. ಅದು ಸರಿ ಇದೆಯಾ ಅಂತ ತಾಳೆ ನೋಡಲು 4 ಬೈಟ್. 8 ಬೈಟ್ ಖಾಲಿ. ಕೊನೆಗೆ 276 ಬೈಟ್ ತಪ್ಪು ತಿದ್ದುವ ಗಣಿತ. ಕೂಡಿಸಿ ನೋಡಿ, 2352 ಬರುತ್ತದೆ. ತಪ್ಪು ತಿದ್ದುವ ಈ ಗಣಿತವನ್ನು ಇರ್ವಿಂಗ್ ರೀಡ್ ಮತ್ತು ಗುಸ್ತಾವ್ ಸೊಲೊಮನ್ ಎಂಬ ಇಬ್ಬರು ಪ್ರಕಟಿಸಿದ್ದು 1960ರಲ್ಲಿ, ಸಿಡಿ ಅನ್ನುವ ವಸ್ತುವಿಗೆ ಎರಡು ದಶಕ ಮೊದಲೇ. ಇಂದು ನಿಮ್ಮ ಯುಪಿಐ ಕ್ಯೂಆರ್ ಚೌಕ ಸ್ವಲ್ಪ ಕೊಳೆಯಾದರೂ ಸ್ಕ್ಯಾನ್ ಆಗುವುದು ಇದೇ ಗಣಿತದಿಂದ.

ಇಷ್ಟೇ ಅಲ್ಲ. ಒಂದೊಂದು ಸೆಕ್ಟರಿನ ಪಕ್ಕದಲ್ಲೂ 96 ಬೈಟಿನ ಇನ್ನೊಂದು ಸಣ್ಣ ಹರಿವು ಇದೆ, ಸಬ್‌ಚಾನೆಲ್ ಅಂತ. ಈಗ ಯಾವ ಟ್ರ್ಯಾಕ್, ಎಷ್ಟು ನಿಮಿಷ ಆಯಿತು ಅನ್ನುವ ಮಾಹಿತಿ ಅದರಲ್ಲಿ. ಹಳೇ ಸಿಡಿ ಪ್ಲೇಯರಿನ ಕಿಟಕಿಯಲ್ಲಿ ಓಡುತ್ತಿದ್ದ ಅಂಕಿಗಳು ಅಲ್ಲಿಂದಲೇ ಬರುತ್ತಿದ್ದವು.

ಈಗ ಐಎಸ್‌ಒ ಫೈಲ್ ಏನು ಮಾಡುತ್ತದೆ ನೋಡಿ. 2048 ಇಟ್ಟುಕೊಂಡು ಉಳಿದದ್ದನ್ನು ಎಸೆಯುತ್ತದೆ. ಬಿನ್ ಫೈಲ್ ಸಾಮಾನ್ಯವಾಗಿ ಪೂರಾ 2352 ಇಟ್ಟುಕೊಳ್ಳುತ್ತದೆ. ಸಬ್‌ಚಾನೆಲ್ಲೂ ಬೇಕು ಅನ್ನುವವರು ಕ್ಲೋನ್‌ಸಿಡಿ ಪ್ರೋಗ್ರಾಮ್ ಮಾಡುವ ಮೂರು ಫೈಲುಗಳ ಕಟ್ಟಿಗೆ ಅಥವಾ ಆಲ್ಕೋಹಾಲ್ ಪ್ರೋಗ್ರಾಮಿನ ಎಂಡಿಎಸ್–ಎಂಡಿಎಫ್ ಜೋಡಿಗೆ ಹೋಗುತ್ತಾರೆ. 74 ನಿಮಿಷದ ಸಿಡಿಯಲ್ಲಿ 3,33,000 ಸೆಕ್ಟರ್. 2048ರಂತೆ ಗುಣಿಸಿದರೆ 650 ಎಂಬಿ. 2352ರಂತೆ ಗುಣಿಸಿದರೆ 747 ಎಂಬಿ. '650 ಎಂಬಿ ಸಿಡಿಯ ಇಮೇಜ್ 747 ಎಂಬಿ ಆಗಿದೆ, ವೈರಸ್ ಸೇರಿಕೊಂಡಿರಬೇಕು' ಅನ್ನುವವರಿಗೆ ಇಷ್ಟು ತೋರಿಸಿದರೆ ಸಾಕು.

ಇದೇ ಲೆಕ್ಕ ರೋಗ ಪತ್ತೆಗೂ ಬರುತ್ತದೆ. ಫೈಲಿನ ಗಾತ್ರವನ್ನು ಬೈಟ್‌ಗಳಲ್ಲಿ ನೋಡಿ, ಕ್ಯಾಲ್ಕುಲೇಟರಿನಲ್ಲಿ ಭಾಗಿಸಿ. 61,44,00,000 ಬೈಟ್ ಇದ್ದರೆ 2048ರಿಂದ ಶೇಷವಿಲ್ಲದೆ ಭಾಗವಾಗುತ್ತದೆ, 3 ಲಕ್ಷ ಸೆಕ್ಟರ್. 70,56,00,000 ಇದ್ದರೆ 2352ರಿಂದ, ಅದೇ 3 ಲಕ್ಷ. 73,44,00,000 ಇದ್ದರೆ 2448ರಿಂದ, ಅಂದರೆ ಸಬ್‌ಚಾನೆಲ್ ಕೂಡ ಒಳಗಿದೆ. ಈ ಮೂರು ಸಂಖ್ಯೆಗಳಲ್ಲಿ ಯಾವುದರಿಂದಲೂ ಭಾಗವಾಗದಿದ್ದರೆ ಹೆಚ್ಚಾಗಿ ಡೌನ್‌ಲೋಡ್ ಅರ್ಧಕ್ಕೆ ನಿಂತಿದೆ ಅಥವಾ ಫೈಲ್ ಎಲ್ಲೋ ತುಂಡಾಗಿದೆ. ಡಿವಿಡಿ ಇಮೇಜುಗಳು ತುಂಡಾಗುವುದು ಬಹಳ ಸಲ ಪೆನ್‌ಡ್ರೈವಿನಲ್ಲಿ. ಎಫ್‌ಎಟಿ32 ಎಂಬ ಹಳೇ ವಿಧಾನದಲ್ಲಿ ಫಾರ್ಮ್ಯಾಟ್ ಆದ ಪೆನ್‌ಡ್ರೈವ್ 4 ಜಿಬಿಗಿಂತ ದೊಡ್ಡ ಒಂದೇ ಫೈಲನ್ನು ಇಟ್ಟುಕೊಳ್ಳುವುದಿಲ್ಲ.

ಬಿನ್ ಅಳಿಸಿ ಐಎಸ್‌ಒ ಅಂತ ಬರೆದರೆ ಯಾಕೆ ಆಗುವುದಿಲ್ಲ ಅನ್ನುವುದೂ ಈಗ ಗೊತ್ತಾಗುತ್ತದೆ. ವಿಂಡೋಸ್ ನೇರವಾಗಿ 32,769ನೇ ಸ್ಥಾನಕ್ಕೆ ಹೋಗಿ 'ಸಿಡಿ001' ಹುಡುಕುತ್ತದೆ. ಬಿನ್ ಫೈಲಿನಲ್ಲಿ ಅದು ಇರುವುದು 37,649ರಲ್ಲಿ. ಸಿಗದಿದ್ದಾಗ 'ಇಮೇಜ್ ಫೈಲ್ ಕೆಟ್ಟಿದೆ' ಅನ್ನುತ್ತದೆ. ಫೈಲ್ ಕೆಟ್ಟಿಲ್ಲ, ಹೆಸರು ಸುಳ್ಳು. ಹೆಕ್ಸ್ ಎಡಿಟರಿನಲ್ಲಿ ಫೈಲ್ 00ಯಿಂದ ಶುರುವಾಗಿ, ಹತ್ತು ಸಲ ಎಫ್‌ಎಫ್ ಬಂದು, ಮತ್ತೆ 00 ಬಂದರೆ ಅದು ಪೂರಾ 2352ರ ಡೇಟಾ ಇಮೇಜ್ ಅಂತ ಕಣ್ಣು ಮುಚ್ಚಿ ಹೇಳಬಹುದು. ಹೆಸರು ಏನೇ ಇರಲಿ.

ಇನ್ನು ನಾಪತ್ತೆಯಾದ ಸಂಗೀತ. ಇದಕ್ಕೆ 'ಕ್ವೇಕ್' ಗೇಮಿಗಿಂತ ಒಳ್ಳೆಯ ಉದಾಹರಣೆ ಇಲ್ಲ. ಇಡ್ ಸಾಫ್ಟ್‌ವೇರ್ 1996ರಲ್ಲಿ ಹೊರತಂದ ಈ ಗೇಮಿಗೆ ಸಂಗೀತ ಕೊಟ್ಟದ್ದು 'ನೈನ್ ಇಂಚ್ ನೇಲ್ಸ್' ತಂಡದ ಟ್ರೆಂಟ್ ರೆಜ್ನರ್. (ಗೇಮಿನಲ್ಲಿ ಮೊಳೆ ಹೊಡೆಯುವ ಬಂದೂಕಿದೆ. ಆ ಮೊಳೆಗಳ ಪೆಟ್ಟಿಗೆಯ ಮೇಲೆ ತಂಡದ ಲಾಂಛನ ಇದೆ.) ಈ ಸಂಗೀತ ಗೇಮಿನ ಯಾವ ಫೈಲಿನಲ್ಲೂ ಇಲ್ಲ. ಸಿಡಿಯ ಮೊದಲ ಟ್ರ್ಯಾಕ್ ಡೇಟಾ. ಎರಡರಿಂದ ಹನ್ನೊಂದರವರೆಗಿನವು ಅಪ್ಪಟ ಆಡಿಯೊ ಟ್ರ್ಯಾಕುಗಳು. ಮನೆಯ ಸಿಡಿ ಪ್ಲೇಯರಿಗೆ ಹಾಕಿದರೆ ಹಾಡಿನಂತೆಯೇ ಕೇಳಬಹುದಿತ್ತು. ಗೇಮ್ ಸಂಗೀತವನ್ನು ಓದುತ್ತಲೇ ಇರಲಿಲ್ಲ, 'ನಾಲ್ಕನೇ ಟ್ರ್ಯಾಕ್ ನುಡಿಸು' ಅಂತ ಡ್ರೈವಿಗೆ ಹೇಳಿ ತನ್ನ ಕೆಲಸಕ್ಕೆ ಹೋಗುತ್ತಿತ್ತು. ಡ್ರೈವ್ ತಾನೇ ನುಡಿಸುತ್ತಿತ್ತು. ಹಳೇ ಕಂಪ್ಯೂಟರ್ ಬಿಚ್ಚಿದವರಿಗೆ ನೆನಪಿರಬಹುದು, ಡ್ರೈವಿನ ಹಿಂದಿನಿಂದ ಸೌಂಡ್ ಕಾರ್ಡಿಗೆ ಒಂದು ತೆಳು ವೈರ್ ಹೋಗಿರುತ್ತಿತ್ತು. ಡೇಟಾದ ಅಗಲ ಪಟ್ಟಿಗೂ ಅದಕ್ಕೂ ಸಂಬಂಧವಿಲ್ಲ. ಸಂಗೀತ ಹರಿಯುತ್ತಿದ್ದುದು ಆ ವೈರಿನಲ್ಲಿ. ಗೇಮ್ ಓಡುತ್ತದೆ, ಗುಂಡಿನ ಸದ್ದು ಬರುತ್ತದೆ, ಸಂಗೀತ ಮಾತ್ರ ಬರುವುದಿಲ್ಲ ಅಂತ ರಿಪೇರಿಯವರ ಹತ್ತಿರ ಹೋದರೆ, ಎಷ್ಟೋ ಸಲ ಆ ವೈರ್ ಸಿಕ್ಕಿಸಿರುತ್ತಿರಲಿಲ್ಲ.

ಐಎಸ್‌ಒ ಫೈಲಿಗೆ ಆಡಿಯೊ ಟ್ರ್ಯಾಕ್ ಅನ್ನುವ ಕಲ್ಪನೆಯೇ ಇಲ್ಲ. ಅದು ಮೊದಲ ಟ್ರ್ಯಾಕನ್ನು ತೆಗೆದುಕೊಂಡು ನಿಲ್ಲುತ್ತದೆ. ಅಂಥ ಇಮೇಜಿನಿಂದ ಕ್ವೇಕ್ ಓಡಿಸಿದರೆ ಗೇಮ್ ಮೂಕ. ಯಾವ ಸೆಟ್ಟಿಂಗ್ ತಿರುಗಿಸಿದರೂ ಸಂಗೀತ ಬರುವುದಿಲ್ಲ, ಇಲ್ಲದ್ದು ಎಲ್ಲಿಂದ ಬಂದೀತು? ಬಿನ್ ಮತ್ತು ಕ್ಯೂ (ಟ್ರ್ಯಾಕುಗಳ ಪಟ್ಟಿ ಇರುವ ಸಣ್ಣ ಫೈಲ್) ಜೋಡಿ ಬೇಕು, ಆಡಿಯೊ ಟ್ರ್ಯಾಕ್ ನುಡಿಸಬಲ್ಲ ವರ್ಚುವಲ್ ಡ್ರೈವೂ ಬೇಕು. ವಿಂಡೋಸ್ 8ರಿಂದ ಜೊತೆಗೇ ಬರುವ ಮೌಂಟ್ ಸೌಲಭ್ಯಕ್ಕೆ ಬಿನ್–ಕ್ಯೂ ಅರ್ಥವಾಗುವುದಿಲ್ಲ. ಡಾಸ್ ಕಾಲದ ಗೇಮ್ ಆದರೆ, ಹಳೇ ಡಾಸ್ ಕಂಪ್ಯೂಟರನ್ನು ಅನುಕರಿಸುವ ಡಾಸ್‌ಬಾಕ್ಸ್ ಎಲ್ಲಕ್ಕಿಂತ ಸಲೀಸು. ಅದರ ಇಮೇಜ್ ಮೌಂಟ್ ಆಜ್ಞೆಗೆ ಬಿನ್ ಕೊಡಬಾರದು, ಕ್ಯೂ ಕೊಡಬೇಕು. ಒಂದಕ್ಕಿಂತ ಜಾಸ್ತಿ ಡಿಸ್ಕ್ ಇರುವ ಗೇಮಾದರೆ ಎಲ್ಲ ಇಮೇಜುಗಳನ್ನೂ ಒಂದೇ ಸಾಲಿನಲ್ಲಿ ಕೊಟ್ಟು, 'ಎರಡನೇ ಸಿಡಿ ಹಾಕಿ' ಅಂದಾಗ ಕಂಟ್ರೋಲ್ ಜೊತೆ ಎಫ್4 ಒತ್ತಿದರೆ ಡಿಸ್ಕ್ ಬದಲಾಗುತ್ತದೆ.

ಈವರೆಗಿನ ಪ್ರಶ್ನೆಗಳು ಸಾಚಾ. ಮುಂದಿನವು ಬೇಕಂತಲೇ ಬಲೆಗೆ ಕೆಡವುವ ಪ್ರಶ್ನೆಗಳು.

1990ರ ದಶಕದ ಕೊನೆಗೆ ಸಿಡಿ ಬರೆಯುವ ಡ್ರೈವುಗಳು ಅಗ್ಗವಾದವು. ಬೆಂಗಳೂರಿನ ಎಸ್.ಪಿ. ರೋಡಿನಲ್ಲೂ ಸಿಗತೊಡಗಿದವು. ಗೇಮ್ ಕಂಪನಿಗಳಿಗೆ ನಿದ್ದೆ ಹಾರಿತು. ಆಗ ಬಂದವು ಕಾಪಿ ತಡೆಯುವ ಬೀಗಗಳು, ಮ್ಯಾಕ್ರೋವಿಷನ್‌ನ ಸೇಫ್‌ಡಿಸ್ಕ್, ಸೋನಿ ಡಿಎಡಿಸಿಯ ಸೆಕ್ಯುರಾಮ್, ರಷ್ಯಾದ ಸ್ಟಾರ್‌ಫೋರ್ಸ್. ಸೇಫ್‌ಡಿಸ್ಕಿನ ಮೊದಲ ಉಪಾಯ ನನಗೆ ಇವತ್ತಿಗೂ ಚಂದ ಅನ್ನಿಸುತ್ತದೆ. ಡಿಸ್ಕಿನ ಒಂದು ಭಾಗದಲ್ಲಿ ಬೇಕಂತಲೇ ಓದಲಾಗದ ಸೆಕ್ಟರುಗಳನ್ನು ಇಟ್ಟರು. ಕಾಪಿ ಮಾಡುವ ಪ್ರೋಗ್ರಾಮ್ ಅಲ್ಲಿಗೆ ಬಂದು ಒದ್ದಾಡುತ್ತದೆ. 'ತಪ್ಪಿದ್ದರೆ ದಾಟಿ ಮುಂದೆ ಹೋಗು' ಅಂದರೆ ದಾಟುತ್ತದೆ, ಆ ಜಾಗದಲ್ಲಿ ಸೊನ್ನೆ ತುಂಬುತ್ತದೆ. ಪ್ರತಿ ಸಿದ್ಧ. ಈಗ ಗೇಮ್ ಅದೇ ಸೆಕ್ಟರನ್ನು ಓದುತ್ತದೆ. ಸಲೀಸಾಗಿ ಓದಲು ಬಂತೋ, ಸಿಕ್ಕಿಬಿದ್ದಿರಿ! ಅಸಲಿ ಡಿಸ್ಕಿನಲ್ಲಿ ಅಲ್ಲಿ ತಪ್ಪು ಬರಬೇಕಿತ್ತು. ಕೆಟ್ಟ ಸೆಕ್ಟರೇ ಕಂಪನಿಯ ಸಹಿ. ಐಎಸ್‌ಒ ಫೈಲಿನಲ್ಲಿ 'ಈ ಸೆಕ್ಟರ್ ಕೆಟ್ಟಿದೆ' ಅಂತ ಬರೆಯಲು ಜಾಗವೇ ಇಲ್ಲ. ತಾಳಮದ್ದಳೆಯಲ್ಲಿ ಚಾಲಾಕಿ ಎದುರಾಳಿ ಕೇಳುವುದಿಲ್ಲವೇ, ಗೊತ್ತಿಲ್ಲ ಅನ್ನುವುದೇ ಸರಿಯುತ್ತರವಾಗಿರುವ ಪ್ರಶ್ನೆ? ಹಾಗೆ.

ಅದಕ್ಕೂ ಮುಂದೆ ಹೋದವರು ಸಮಯ ಅಳೆದರು. ಸಿಡಿಯ ಮೇಲಿರುವುದು ಒಂದೇ ಉದ್ದ ಸುರುಳಿ, ಒಳಗಿನಿಂದ ಹೊರಕ್ಕೆ. ಬಿಚ್ಚಿ ಎಳೆದರೆ 5 ಕಿಲೋಮೀಟರಿಗೂ ಜಾಸ್ತಿ. ಸುತ್ತಿನಿಂದ ಸುತ್ತಿಗೆ ಅಂತರ 1.6 ಮೈಕ್ರಾನ್. ಕಾರ್ಖಾನೆಯಲ್ಲಿ ಅಚ್ಚು ಮಾಡುವಾಗ ಈ ಸುರುಳಿಯ ಬಿಗಿ ಅಚ್ಚಿನಿಂದ ಅಚ್ಚಿಗೆ ಚೂರು ಬೇರೆಯಾಗುತ್ತದೆ. ಹಾಗಾಗಿ ಇಂತಿಷ್ಟನೇ ಸೆಕ್ಟರ್ ಡಿಸ್ಕಿನ ಯಾವ ಮೂಲೆಯಲ್ಲಿ ಬರುತ್ತದೆ ಅನ್ನುವುದೂ ಬೇರೆ. ಒಂದು ಸೆಕ್ಟರ್ ಓದಿ ಇನ್ನೊಂದಕ್ಕೆ ಹಾರಲು ಎಷ್ಟು ಹೊತ್ತು ಹಿಡಿಯಿತು ಅಂತ ಅಳೆದರೆ ಆ ಅಚ್ಚಿನ ಬೆರಳಗುರುತು ಸಿಗುತ್ತದೆ. ಮನೆಯಲ್ಲಿ ಬರೆದ ಸಿಡಿಯಲ್ಲಿ ಬೈಟುಗಳು ಒಂದೂ ತಪ್ಪಿಲ್ಲದೆ ಇರಬಹುದು, ಸುರುಳಿ ಮಾತ್ರ ಖಾಲಿ ಸಿಡಿ ಮಾಡಿದವನದು. ಇನ್ನು ಐಎಸ್‌ಒ ಫೈಲ್ ಇರುವುದು ಹಾರ್ಡ್‌ಡಿಸ್ಕಿನಲ್ಲಿ. ಅದರಲ್ಲಿ ಸುರುಳಿಯೇ ಇಲ್ಲ. ಉತ್ತರ ತಟ್ಟನೆ ಬಂದುಬಿಡುತ್ತದೆ. ಅಷ್ಟು ಬೇಗ ಬಂದದ್ದೇ ತಪ್ಪು! ಈ ಅಳತೆಗಳನ್ನೂ ಎಂಡಿಎಸ್ ಫೈಲಿನಲ್ಲಿ ದಾಖಲಿಸಿಕೊಂಡು, ಅಸಲಿ ಡಿಸ್ಕ್ ತಡ ಮಾಡುವಷ್ಟೇ ತಡ ಮಾಡಿ ಉತ್ತರಿಸುವಂತೆ ಡೀಮನ್ ಟೂಲ್ಸ್, ಆಲ್ಕೋಹಾಲ್‌ನಂಥ ಪ್ರೋಗ್ರಾಮುಗಳು ವರ್ಚುವಲ್ ಡ್ರೈವಿಗೆ ಕಲಿಸಿದವು. ಬೇಗ ಓಡಬಲ್ಲ ಯಂತ್ರ ಬೇಕಂತಲೇ ಏದುಸಿರು ಬಿಡುವುದು.

ಆಮೇಲೆ ಸೆಕ್ಯುರಾಮ್ ಪ್ರಶ್ನೆ ಕೇಳುವುದರ ಜೊತೆಗೆ ಸಭೆಯಲ್ಲಿ ಯಾರ‍್ಯಾರಿದ್ದಾರೆ ಅಂತ ನೋಡತೊಡಗಿತು. ಕಂಪ್ಯೂಟರಿನಲ್ಲಿ ಡೀಮನ್ ಟೂಲ್ಸ್ ಕಂಡರೆ ಸಾಕು, ಡಿಸ್ಕ್ ಎಮ್ಯುಲೇಟರ್ ಜೊತೆ ತಕರಾರು ಅಂತ ಸಂದೇಶ ತೋರಿಸಿ ಗೇಮ್ ನಿಲ್ಲಿಸುತ್ತಿತ್ತು. ಅಂಗಡಿಯಲ್ಲಿ ದುಡ್ಡು ಕೊಟ್ಟು ತಂದ ಅಸಲಿ ಸಿಡಿ ಟ್ರೇಯಲ್ಲಿ ತಿರುಗುತ್ತಿದ್ದರೂ ಅಷ್ಟೇ. ಕಳ್ಳರಿಗೆ ತೊಂದರೆಯಾಗಲಿಲ್ಲ, ಪರೀಕ್ಷೆಯನ್ನೇ ಕಿತ್ತು ಹಾಕಿದ ಪ್ರತಿ ಅವರ ಹತ್ತಿರ ಇತ್ತು. ಒದ್ದಾಡಿದವರು ಪ್ರಾಮಾಣಿಕರು.

ಈಗ ಆ ಮೂರನೇ ಲಕ್ಷಣ. ಕ್ಲಿಕ್ ಮಾಡಿದರೆ ಏನೂ ಆಗುವುದಿಲ್ಲ. ಇದಕ್ಕೆ ಬಹಳ ಜನ ಇಮೇಜನ್ನೋ ವರ್ಚುವಲ್ ಡ್ರೈವನ್ನೋ ಬೈಯುತ್ತಾರೆ. ಹೊಸ ಯುಎಸ್‌ಬಿ ಡಿವಿಡಿ ಡ್ರೈವ್ ಕೊಂಡು ತಂದು ಅಸಲಿ ಡಿಸ್ಕ್ ಹಾಕಿ ನೋಡುತ್ತಾರೆ. ಸುಮ್ನೆ ದುಡ್ಡು ದಂಡ. ಸೇಫ್‌ಡಿಸ್ಕ್ ತನ್ನ ಪ್ರಶ್ನೆಗಳನ್ನು ಕೇಳುತ್ತಿದ್ದುದು ಸೆಕ್‌ಡ್ರೈವ್ ಅನ್ನುವ ಒಂದು ಡ್ರೈವರ್ ಮೂಲಕ. ಅದು ವಿಂಡೋಸ್ ಎಕ್ಸ್‌ಪಿ ಜೊತೆಗೇ ಬರುತ್ತಿತ್ತು. 2007ರಲ್ಲಿ ಅದರಲ್ಲಿ ಒಂದು ತೂತು ಪತ್ತೆಯಾಯಿತು, ಸಾಮಾನ್ಯ ಬಳಕೆದಾರ ಇಡೀ ಕಂಪ್ಯೂಟರಿನ ಯಜಮಾನನಾಗಿಬಿಡಬಹುದಾದ ತೂತು. ತೇಪೆ ಹಾಕಿದರು. 2015ರಲ್ಲಿ ಬಂದ ವಿಂಡೋಸ್ 10 ಆ ಡ್ರೈವರಿಗೆ ಬಾಗಿಲು ಮುಚ್ಚಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಬಂದ ಭದ್ರತಾ ಅಪ್‌ಡೇಟ್ ವಿಂಡೋಸ್ 7 ಮತ್ತು 8ರಲ್ಲೂ ಅದನ್ನು ಆಫ್ ಮಾಡಿತು. ಅಂದರೆ ಇಲ್ಲಿ ಅರ್ಥಧಾರಿ ತಪ್ಪಿಲ್ಲ, ಪ್ರಶ್ನೆ ಕೇಳಬೇಕಾದವನೇ ಸಭೆಗೆ ಬಂದಿಲ್ಲ. ಯಾವ ಡ್ರೈವ್, ಯಾವ ಇಮೇಜ್ ತಂದರೂ ಪ್ರಯೋಜನವಿಲ್ಲ. ಆ ಡ್ರೈವರನ್ನು ಮತ್ತೆ ಆನ್ ಮಾಡಿಸುವ ಉಪಾಯಗಳನ್ನು ಮಾಡಲು ಹೋಗಬೇಡಿ, ಅದನ್ನು ಆಫ್ ಮಾಡಿದ್ದೇ ಭದ್ರತೆಗಾಗಿ. ಇರುವ ದಾರಿ ಮೂರು. ಕಂಪನಿಯೇ ಕೊನೆಯ ಪ್ಯಾಚಿನಲ್ಲಿ ಸಿಡಿ ಪರೀಕ್ಷೆ ತೆಗೆದಿದೆಯಾ ನೋಡುವುದು, ಕೆಲವು ಕಂಪನಿಗಳು ತೆಗೆದಿವೆ. ಜಿಒಜಿಯಂಥ ಆನ್‌ಲೈನ್ ಗೇಮ್ ಅಂಗಡಿಯಲ್ಲಿ ಪರೀಕ್ಷೆಯಿಲ್ಲದ ಹೊಸ ಆವೃತ್ತಿ ಕೊಳ್ಳುವುದು. ಅದೂ ಇಲ್ಲದಿದ್ದರೆ ಇಂಟರ್ನೆಟ್ ಇಲ್ಲದ ವರ್ಚುವಲ್ ಮಷೀನಿನಲ್ಲಿ (ಕಂಪ್ಯೂಟರಿನೊಳಗೆ ಪ್ರೋಗ್ರಾಮ್ ಸೃಷ್ಟಿಸುವ ಇನ್ನೊಂದು ಕಂಪ್ಯೂಟರ್) ಹಳೇ ವಿಂಡೋಸ್ ಹಾಕಿ ಅದರೊಳಗೆ ಓಡಿಸುವುದು.

ಇದೇ ಜಾತಿಯ ಇನ್ನೊಂದು ಮೋಸ ಇನ್‌ಸ್ಟಾಲರಿನದು. ಗೇಮ್ 32 ಬಿಟ್, ಆದರೆ ಸೆಟಪ್ ಪ್ರೋಗ್ರಾಮ್ 16 ಬಿಟ್. ವಿಂಡೋಸ್ 95 ಕಾಲದಲ್ಲಿ ಇದು ಮಾಮೂಲು. 64 ಬಿಟ್ ವಿಂಡೋಸಿಗೆ 16 ಬಿಟ್ ಪ್ರೋಗ್ರಾಮ್ ಓಡಿಸಲು ಬರುವುದಿಲ್ಲ. 'ಈ ಆ್ಯಪ್ ನಿಮ್ಮ ಪಿಸಿಯಲ್ಲಿ ಓಡುವುದಿಲ್ಲ' ಅನ್ನುತ್ತದೆ. ಪ್ರಸಿದ್ಧವಾದ ಕೆಲವು ಹಳೇ ಸೆಟಪ್‌ಗಳನ್ನು ಗುರುತಿಸಿ, ಅವುಗಳ ಬದಲು ತನ್ನದೇ 32 ಬಿಟ್ ಆವೃತ್ತಿಯನ್ನು ಗುಟ್ಟಾಗಿ ಓಡಿಸುವ ಏರ್ಪಾಡೂ ವಿಂಡೋಸಿನಲ್ಲಿದೆ. ಹಾಗಾಗಿ ಒಂದು ಹಳೇ ಗೇಮ್ ಸಲೀಸಾಗಿ ಇನ್‌ಸ್ಟಾಲ್ ಆಗಿ, ಅದೇ ವರ್ಷದ ಇನ್ನೊಂದು ಆಗುವುದಿಲ್ಲ. ಅದೃಷ್ಟ ಅಂತ ಜನ ಹೇಳುವುದು ಇದನ್ನೇ.

ಮೌಂಟೇ ಆಗದಿದ್ದರೆ? ಬಲ ಕ್ಲಿಕ್ಕಿನಲ್ಲಿ ಮೌಂಟ್ ಅನ್ನುವ ಆಯ್ಕೆಯೇ ಇಲ್ಲದಿದ್ದರೆ ಯಾವುದೋ ಜಿಪ್ ಬಿಚ್ಚುವ ಪ್ರೋಗ್ರಾಮ್ ಐಎಸ್‌ಒ ಫೈಲುಗಳನ್ನು ತನ್ನದು ಮಾಡಿಕೊಂಡಿದೆ. 'ಓಪನ್ ವಿತ್'ಗೆ ಹೋಗಿ ವಿಂಡೋಸ್ ಎಕ್ಸ್‌ಪ್ಲೋರರ್ ಆರಿಸಿ. ಆಯ್ಕೆ ಇದ್ದೂ ತಕರಾರು ಬಂದರೆ ಫೈಲ್ ಎನ್‌ಟಿಎಫ್‌ಎಸ್ (ವಿಂಡೋಸಿನ ಮಾಮೂಲಿ ಫಾರ್ಮ್ಯಾಟ್) ಡ್ರೈವಿನಲ್ಲಿದೆಯಾ, ಫೋಲ್ಡರ್ ಕಂಪ್ರೆಸ್ ಆಗಿದೆಯಾ ನೋಡಿ. ಬೇರೆ ಫೋಲ್ಡರಿಗೆ ಒಮ್ಮೆ ಕಾಪಿ ಮಾಡಿದರೆ ಎಷ್ಟೋ ಸಲ ಸರಿಹೋಗುತ್ತದೆ. ಇದರಲ್ಲಿ ಹೇಳುವಂಥದ್ದು ಇನ್ನೇನಿಲ್ಲ.

ಕಪಾಟಿನಲ್ಲಿ ಅಸಲಿ ಸಿಡಿಗಳು ಇನ್ನೂ ಉಳಿದಿದ್ದರೆ ಈಗಲೇ ಇಮೇಜ್ ಮಾಡಿಟ್ಟುಕೊಳ್ಳುವುದು ಒಳ್ಳೆಯದು. ಕಾನೂನುಬದ್ಧವಾಗಿ ಪ್ರತಿ ಕೊಂಡವರು ಹಾಳಾದರೆ ಇರಲಿ ಅಂತ ಬ್ಯಾಕಪ್ ಮಾಡಿಕೊಳ್ಳಲು ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ ಅವಕಾಶ ಕೊಡುತ್ತದೆ. ಬೀಗ ಮುರಿಯುವ ವಿಚಾರಕ್ಕೆ 2012ರ ತಿದ್ದುಪಡಿಯ 65ಎ ಸೆಕ್ಷನ್ ಬೇರೆಯೇ ಇದೆ, ಅದನ್ನು ಮರೆಯಬಾರದು.

ಓದುವ ಮೊದಲು ಡಿಸ್ಕ್ ಒರೆಸುತ್ತೀರಲ್ವಾ? ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ, ದೋಸೆ ಹುಯ್ದಂತೆ ಸುತ್ತಬೇಡಿ. ಅಡ್ಡ ಗೀರು ಸುರುಳಿಯನ್ನು ಅಲ್ಲಲ್ಲಿ ಚೂರು ಚೂರು ಕತ್ತರಿಸುತ್ತದೆ, ತಪ್ಪು ತಿದ್ದುವ ಗಣಿತ ಅದನ್ನು ನುಂಗಿಕೊಳ್ಳುತ್ತದೆ. ಸುತ್ತು ಗೀರು ಸುರುಳಿಯ ಉದ್ದಕ್ಕೂ ಸಾಗುತ್ತದೆ. ಸುಮಾರು 2.5 ಮಿಲಿಮೀಟರಿಗಿಂತ ಉದ್ದಕ್ಕೆ ಮಾಹಿತಿ ಸತತವಾಗಿ ಹೋದರೆ ಸಿಡಿಯ ಮೂಲ ಗಣಿತ ಕೈಚೆಲ್ಲುತ್ತದೆ. ಟೂತ್‌ಪೇಸ್ಟ್ ಹಚ್ಚುವ ಮನೆಮದ್ದಿನಲ್ಲಿ ಒಂದು ಎಳೆ ಸತ್ಯ ಇದೆ. ಹೊಳೆಯುವ ಬದಿಯ ಪ್ಲಾಸ್ಟಿಕ್ ದಪ್ಪ 1.2 ಮಿಲಿಮೀಟರ್, ಮೇಲ್ಮೈ ಗೀರನ್ನು ಉಜ್ಜಿ ನಯ ಮಾಡಬಹುದು. ಆದರೆ ಮಾಹಿತಿ ಇರುವುದು ಚಿತ್ರ ಅಚ್ಚಾದ ಬದಿಗೆ, ತೆಳು ಲೇಪನದ ಅಡಿಯಲ್ಲಿ. ಆ ಬದಿಯ ಗೀರಿಗೆ ಯಾವ ಪೇಸ್ಟೂ ಇಲ್ಲ. ಹಾಂ, ಆಯುಧ ಪೂಜೆಯಲ್ಲಿ ಡ್ರೈವಿಗೆ ಕುಂಕುಮ ಇಡುವವರು ಹೊರಗಡೆ ಇಡಿ. ಲೆನ್ಸಿನ ಮೇಲೆ ಬೇಡ.

ಆಡಿಯೊ ಟ್ರ್ಯಾಕ್ ಇದೆಯೋ ಇಲ್ಲವೋ ಅಂತ ಯೋಚಿಸುತ್ತಾ ಕೂರುವ ಬದಲು ಎಲ್ಲವನ್ನೂ ಬಿನ್–ಕ್ಯೂ ಆಗಿಯೇ ಓದಿಸಿಬಿಡಿ. ಜಾಗ ಈಗ ಅಗ್ಗ. ಒಂದೇ ಡಿಸ್ಕನ್ನು ಎರಡು ಸಲ ಓದಿ ಎರಡೂ ಫೈಲುಗಳ ಎಸ್‌ಎಚ್‌ಎ–1 ಮೊತ್ತ (ಫೈಲಿನ ಬೈಟುಗಳಿಂದ ಲೆಕ್ಕ ಹಾಕಿದ ಬೆರಳಗುರುತು) ತಾಳೆಯಾಗುತ್ತದೆಯಾ ನೋಡಿ. ರಿಡಂಪ್ ಎಂಬ ಗುಂಪು ಜಗತ್ತಿನ ಗೇಮ್ ಡಿಸ್ಕುಗಳ ಇಂಥ ಮೊತ್ತಗಳನ್ನು ಪಟ್ಟಿ ಮಾಡಿಟ್ಟಿದೆ, ಅಲ್ಲೂ ಹೋಲಿಸಿ ನೋಡಬಹುದು. ಕ್ಯೂ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದರೆ ಮೊದಲ ಸಾಲಿನಲ್ಲೇ ಬಿನ್ ಫೈಲಿನ ಹೆಸರು ಇರುತ್ತದೆ. ಅದರ ಕೆಳಗೆ ಟ್ರ್ಯಾಕ್ 01, ಟ್ರ್ಯಾಕ್ 02 ಅಂತ ಪಟ್ಟಿ, ಒಂದೊಂದು ಎಲ್ಲಿ ಶುರು ಅನ್ನುವುದು ನಿಮಿಷ, ಸೆಕೆಂಡು, ಮತ್ತೆ ಆ 75ರ ತುಂಡಿನ ಲೆಕ್ಕದಲ್ಲಿ. ಬಿನ್ ಫೈಲಿಗೆ ಆಮೇಲೆ ಚಂದದ ಹೆಸರು ಇಡುವ ಮನಸ್ಸಾದರೆ ಈ ಮೊದಲ ಸಾಲನ್ನೂ ತಿದ್ದಿ. ಇಲ್ಲದಿದ್ದರೆ ಮುಂದಿನ ಸಲ ಮೌಂಟ್ ಮಾಡುವಾಗ 'ಫೈಲ್ ಸಿಗುತ್ತಿಲ್ಲ' ಅನ್ನುತ್ತದೆ.